ಮೈಮೇಲಿನ ಗಂಟು ಪಾಪದ ಗಂಟಲ್ಲ

 
*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಇಂದು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಎಳೆಗೂಸಾಗಿದ್ದಾಗಿನಿಂದಲೂ ಅವನ ಮೈಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳು. ಏಳನೇ ತರಗತಿಗೆ ಬರುವಷ್ಟರಲ್ಲಿ ತೋಳು, ಬೆನ್ನಿನ ಮೇಲೆ ಸಣ್ಣ ಮೆತ್ತನೆಯ ಗಂಟುಗಳೆದ್ದವು. 'ನಮ್ಮ ಮಕ್ಕಳಿಗೂ ಅಂಟ್ಕೊಂಡ್ರೆ ಏನ್ ಗತಿ ಮೇಷ್ಟ್ರೇ' ಎಂದು ಕೆಲವು ಪೋಷಕರು ಕೇಳಿದರು. ನಾನು ಅವನನ್ನು ಕೊನೆಯ ಬೆಂಚಿಗೆ ಕಳಿಸಿದೆ. ಅವನ ತಾಯಿ ಬಂದು, 'ನಾಗರದೋಸ ಅಂತಾರೆ ಸಾ. ಹೋದ ಜಲ್ಮದಲ್ಲಿ ನಾನೇನ್ ಪಾಪ ಮಾಡಿದ್ನೋ, ಮಗೀಗೆ ಹಿಂಗಾಯ್ತು' ಎಂದರು. 'ಎಲ್ಲ ಕರ್ಮ ತಾಯಿ, ಏನ್ ಮಾಡಕ್ಕಾಗತ್ತೆ' ಎಂದುಬಿಟ್ಟೆ. ಸಮಾಧಾನ ಹೇಳಿದೆ ಅಂದುಕೊಂಡಿದ್ದೆ. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದರು.

ಮುಂದೆ ಮೈಸೂರಿನ ವೈದ್ಯರೊಬ್ಬರು ಆ ಕಾಯಿಲೆಯ ಹೆಸರು ಹೇಳಿದರು: ನ್ಯೂರೋಫೈಬ್ರೊಮಾಟೋಸಿಸ್. ನರಗಳ ಹೊದಿಕೆಯಲ್ಲಿ ಗಡ್ಡೆ ಬೆಳೆಯುವ ಕಾಯಿಲೆ. 1882ರಲ್ಲಿ ಜರ್ಮನಿಯ ವೈದ್ಯ ರೆಕ್ಲಿಂಗ್‌ಹೌಸೆನ್ ಇದನ್ನು ವಿವರವಾಗಿ ಬರೆದಿಟ್ಟರು. 1990ರಲ್ಲಿ ಇದರ ಮೂಲ ಸಿಕ್ಕಿತು. ನಮ್ಮ ಜೀವಕೋಶದ 17ನೇ ವರ್ಣತಂತುವಿನಲ್ಲಿ ಒಂದು ವಂಶವಾಹಿ ಇದೆ. ಕೋಶಗಳು ಮಿತಿಮೀರಿ ಬೆಳೆಯದಂತೆ ಅದು ಬ್ರೇಕ್ ಹಿಡಿಯುತ್ತದೆ. ಅದು ಕೆಟ್ಟರೆ ಗಡ್ಡೆಗಳು ಬೆಳೆಯುತ್ತವೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಸುಮಾರು 3,000 ಮಕ್ಕಳಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ಇದಕ್ಕಿಂತ ಅಪರೂಪದ ಇನ್ನೊಂದು ಬಗೆಯಿದೆ. ಅದರ ಮೂಲ 22ನೇ ವರ್ಣತಂತುವಿನಲ್ಲಿ. ಅದರಲ್ಲಿ ಎರಡೂ ಕಿವಿಯ ನರಗಳ ಮೇಲೆ ಗಡ್ಡೆ ಬೆಳೆದು ಕಿವಿ ಮಂದವಾಗುತ್ತದೆ.

ಇದು ಮುಟ್ಟಿದರೆ ಅಂಟುವುದಿಲ್ಲ. ಗ್ರಹಣದಿಂದ ಬರುವುದಿಲ್ಲ. ನಮ್ಮ ಕಡೆ ಹೇಳುವ ಹಾಗೆ ಸೋದರಮಾವನನ್ನು ಮದುವೆಯಾದದ್ದರಿಂದಲೂ ಬಂದದ್ದಲ್ಲ. ತಂದೆಗೋ ತಾಯಿಗೋ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಈ ಕಾಯಿಲೆಯಿರುವ ಸುಮಾರು ಅರ್ಧದಷ್ಟು ಜನರ ತಂದೆ ತಾಯಿ ಇಬ್ಬರಿಗೂ ಇದು ಇರುವುದಿಲ್ಲ. ಬೀಜದ ಹಂತದಲ್ಲಿ ವಂಶವಾಹಿಯ ನಕಲು ತಪ್ಪಿರುತ್ತದೆ, ಅಷ್ಟೇ. ಅದು ಯಾರ ಪಾಪವೂ ಅಲ್ಲ.

ಹಾಗಾದರೆ ಬುದ್ಧ ಗುರು ಕರ್ಮವನ್ನು ಹೇಳಲಿಲ್ಲವೇ? ಹೇಳಿದ್ದಾರೆ. ಆದರೆ ಹೇಗೆ ಹೇಳಿದ್ದಾರೆ ನೋಡಿ. ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಬಂದು, ನಾವು ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂದು ಕೇಳುತ್ತಾನೆ. ಬುದ್ಧ ಗುರು ಎಂಟು ಕಾರಣಗಳನ್ನು ಎಣಿಸುತ್ತಾರೆ: ಪಿತ್ತ, ಕಫ, ವಾತ, ಇವು ಮೂರೂ ಕೂಡಿ ಕೆಡುವುದು, ಋತುವಿನ ಬದಲಾವಣೆ, ದೇಹದ ಆರೈಕೆಯಲ್ಲಿ ಏರುಪೇರು, ಹೊರಗಿನ ಪೆಟ್ಟು, ಕಡೆಗೆ ಕರ್ಮ. ಎಲ್ಲಕ್ಕೂ ಹಿಂದಿನ ಕರ್ಮವೇ ಕಾರಣ ಎನ್ನುವವರು ಕಣ್ಣೆದುರಿನ ಸತ್ಯವನ್ನು ದಾಟಿ ಮಾತಾಡುತ್ತಾರೆ ಎಂದು ತಿಳಿಸುತ್ತಾರೆ. ಬಾಬಾಸಾಹೇಬರೂ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇದನ್ನೇ ಕೆದಕಿ ನೋಡಿದರು. ಬಡವರ, ದುರ್ಬಲರ ಕಷ್ಟಕ್ಕೆ ಹಿಂದಿನ ಜನ್ಮವನ್ನು ಹೊಣೆ ಮಾಡಿದರೆ ಸಮಾಜ ತನ್ನ ಹೊಣೆಯಿಂದ ಜಾರಿಕೊಳ್ಳುತ್ತದೆ ಎಂದು ಎಚ್ಚರಿಸಿದರು.

ನಾನೂ ಹಾಗೆಯೇ ಜಾರಿಕೊಂಡಿದ್ದೆ. ಧಮ್ಮದಲ್ಲಿ ಕಮ್ಮ ಎಂದರೆ ಮನಸ್ಸಿಟ್ಟು ಮಾಡುವ ಕೆಲಸ. ಹುಡುಗನ ಗಂಟುಗಳು ಅವನ ಕಮ್ಮವಲ್ಲ. ಅವನನ್ನು ಕೊನೆಯ ಬೆಂಚಿಗೆ ಕಳಿಸಿದ್ದು ನನ್ನ ಕಮ್ಮ.

ಭೇದಿಯಾಗಿ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಗುರು ಆನಂದನ ಜೊತೆ ಸೇರಿ ತಾವೇ ತೊಳೆದು ಮಲಗಿಸಿದ ಪ್ರಸಂಗ ವಿನಯ ಪಿಟಕದಲ್ಲಿದೆ. ಯಾವ ಜನ್ಮದ ಪಾಪವಪ್ಪಾ ಎಂದು ಅವರು ಕೇಳಲಿಲ್ಲ. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು.

ಇಂದು ನಾವು ಮಾಡಬಹುದಾದದ್ದು ಇಷ್ಟು. ಮಗುವಿನ ಮೈಮೇಲೆ ಇಂಥ ಕಾಫಿ ಬಣ್ಣದ ಮಚ್ಚೆಗಳು ಆರು ಅಥವಾ ಹೆಚ್ಚು ಕಂಡರೆ, ಕಂಕುಳಲ್ಲಿ ಸಣ್ಣ ಚುಕ್ಕೆಗಳಿದ್ದರೆ, ವೈದ್ಯರಿಗೆ ತೋರಿಸಲು ಹೇಳಿ. ಬರೆ ಹಾಕಿಸುವುದು, ಗಂಟು ಕೊಯ್ಯಿಸುವುದು ಬೇಡ. ಬೇರುಸಹಿತ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಕಣ್ಣು, ರಕ್ತದೊತ್ತಡ, ಬೆನ್ನುಮೂಳೆ ಪರೀಕ್ಷಿಸಿದರೆ ತೊಂದರೆಯನ್ನು ಬೇಗ ಹಿಡಿಯಬಹುದು. ನರಗಳ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಕಿವಿ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಪಾಠ ನಿಧಾನವಾದರೆ ದಡ್ಡ ಎನ್ನಬೇಡಿ, ಈ ಮಕ್ಕಳಲ್ಲಿ ಅನೇಕರಿಗೆ ಕಲಿಕೆ ಕಷ್ಟವಾಗುತ್ತದೆ. ಎಲ್ಲಕ್ಕಿಂತ ಮೊದಲು, ಪಕ್ಕದಲ್ಲಿ ಕೂತು ಊಟ ಮಾಡಿ.

ವಿಷಯ ತಿಳಿದ ಮೇಲೆ ಅವರ ಮನೆಗೆ ಹೋಗಿ ಆ ತಾಯಿಗೆ ಎಲ್ಲ ಹೇಳಿದೆ, ಕ್ಷಮೆ ಕೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ನಂದೇನೂ ತಪ್ಪಿಲ್ವಾ ಸಾ?' ಎಂದರು. ಮಾರನೇ ದಿನ ಹುಡುಗನನ್ನು ಮುಂದಿನ ಬೆಂಚಿಗೆ ಕರೆದೆ. ಬಂದ. ಆದರೆ ವರ್ಷಪೂರ್ತಿ ತೋಳು ಮುಚ್ಚಿಕೊಂಡೇ ಕೂತ. ನನ್ನ ಕಮ್ಮದ ಫಲ ಅವನ ಮೇಲೆ ಬಿದ್ದಿತ್ತು.

ಇಂದು ಯಾರಾದರೂ ನೊಂದು ಬಂದರೆ, 'ಕರ್ಮ' ಎನ್ನುವ ಮುಂಚೆ ಒಂದು ಉಸಿರು ನಿಲ್ಲೋಣ. ಅವರಿಗೆ ಏನು ಬೇಕು ಎಂದು ಕೇಳೋಣ.

ಸಕಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.

- ಬೆಳಗೊಳದ ಒಬ್ಬ ಮೇಷ್ಟ್ರು