ಆವಾಸದಾನವೆಂದರೇನು?

ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಕೊಳ್ಳುವ ಶ್ರಾವಕ ಶ್ರಾವಿಕೆಯರು ನಾಲ್ಕು ಶಿಕ್ಷಾವ್ರತಗಳನ್ನು ಬಲ್ಲರು. ದೇಶಾವಕಾಶಿಕ, ಸಾಮಾಯಿಕ, ಪ್ರೋಷಧೋಪವಾಸ, ವೈಯಾವೃತ್ಯ ಎಂಬ ಕ್ರಮದಲ್ಲಿ ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅವುಗಳನ್ನು ನಿರೂಪಿಸಿದ್ದಾರೆ. ಉಪವಾಸದ ಮಗ್ಗುಲಲ್ಲಿಯೇ ವೈಯಾವೃತ್ಯವು ನಿಂತಿರುವುದು ಗಮನಾರ್ಹ. ಆ ವೈಯಾವೃತ್ಯಕ್ಕೆ ಆಹಾರ, ಔಷಧ, ಉಪಕರಣ, ಆವಾಸ ಎಂದು ನಾಲ್ಕು ಮುಖಗಳು. ಮೊದಲ ಮೂರಕ್ಕೆ ಸಮಾಜದಲ್ಲಿ ಕೊರತೆಯಿಲ್ಲ. ಆಹಾರದಾನಕ್ಕಂತೂ ಸರದಿಗಾಗಿ ಕಾಯುವವರುಂಟು. ನಾಲ್ಕನೆಯದು ಮಾತ್ರ, ವಿಹಾರದಲ್ಲಿರುವ ತ್ಯಾಗಿಗಳಿಗೆ ತಂಗಲು ಒಂದು ಕೊಠಡಿ ಎಂಬಷ್ಟಕ್ಕೆ ಸಂಕೋಚಗೊಂಡಿದೆ.

ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯ ಪಕ್ಕದಲ್ಲಿ, ಬಿ.ಎಚ್.ಇ.ಎಲ್. ಕಾರ್ಖಾನೆಯ ನೆರೆಯಲ್ಲಿರುವ ದೀಪಾಂಜಲಿ ನಗರದಂತಹ ಬಡಾವಣೆಯಲ್ಲಿ ಈ ನಾಲ್ಕನೆಯ ದಾನದ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಸ್ಯಾಟಲೈಟ್ ಬಸ್ ನಿಲ್ದಾಣ ಅಲ್ಲಿಗೆ ಸಮೀಪ. ಮೈಸೂರು ಕಡೆಯ ಬಸ್ಸುಗಳು ಹೊತ್ತಲ್ಲದ ಹೊತ್ತಿನಲ್ಲಿಯೂ ಜನರನ್ನು ಇಳಿಸುತ್ತವೆ. 2015ರ ನವೆಂಬರಿನಲ್ಲಿ ಮೆಟ್ರೋ ರೈಲು ಆ ದಾರಿಗೆ ಬಂದಿತು. ಇಂತಹ ನಗರದಲ್ಲಿ ಕಂಬಗಳ ಮೇಲೆ ರೈಲು ಓಡುವಾಗ ಕಂಬಗಳ ಕೆಳಗೆ ಗೋಣಿ ಹಾಸಿ ಮಲಗುವವರಿರುತ್ತಾರೆ. ಬಸ್ಸಿನಿಂದ ಇಳಿದ ಒಬ್ಬಾಕೆ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಳಗಾಗುವವರೆಗೆ ಬೆಂಚಿನ ಮೇಲೆ ಕುಳಿತಿದ್ದರೆ, ಯಾರಿಗಾಗಿಯೋ ಕಾಯುತ್ತಿದ್ದಾಳೆಂದು ನೋಡಿದವರು ಭಾವಿಸುತ್ತಾರೆ. ಪ್ರಾಯಶಃ ಆಕೆಗೆ ಬರುವವರಾರೂ ಇಲ್ಲ. ಮನೆಯಲ್ಲಿ ಹೊಡೆತ ತಿಂದವಳು ಹೊಸ್ತಿಲು ದಾಟಿದ ಕ್ಷಣವೇ ಮನೆಯಿಲ್ಲದವಳಾಗುತ್ತಾಳೆ. ಪೀಡನೆಯೂ ನಿರಾಶ್ರಯವೂ ಆಕೆಯ ಪಾಲಿಗೆ ಒಂದೇ ದುಃಖದ ಒಳಗು ಹೊರಗು.

ಇನ್ನು ಓಣಿಯೊಳಗಿನ ಒಂದು ರಾತ್ರಿಯನ್ನು ಊಹಿಸಿಕೊಳ್ಳಬಹುದು. ಅನಂತ ಚತುರ್ದಶಿ. ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡಿ, ಕೊನೆಯ ದಿನ ನಿರಾಹಾರವಿರುವ ಗೃಹಿಣಿಯೊಬ್ಬಳು ಜಪಮಾಲೆ ಹಿಡಿದು ಕುಳಿತಿದ್ದಾಳೆ. ಗೋಡೆಯಾಚೆಯ ಮನೆಯಲ್ಲಿ ಪಾತ್ರೆ ಬಿದ್ದ ಸದ್ದು, ಅನಂತರ ಹೊಡೆದ ಸದ್ದು, ಅನಂತರ ಏನೂ ಇಲ್ಲ. ಆ ಮನೆಯ ಸೊಸೆಗೆ ಎರಡು ದಿನದಿಂದ ಊಟವಿಲ್ಲವೆಂಬುದು ನೆರೆಯವರಿಗೆ ತಿಳಿದಿದೆ. ಗೋಡೆಯ ಈಚೆಗೂ ಬರಿಹೊಟ್ಟೆ, ಆಚೆಗೂ ಬರಿಹೊಟ್ಟೆ. ಈಚಿನದು ತಪಸ್ಸು, ಆಚಿನದು ಹಿಂಸೆ. ಇವುಗಳನ್ನು ಬೇರ್ಪಡಿಸುವುದು ಇಚ್ಛೆಯೊಂದೇ. ಉಪವಾಸಿಯ ಅನ್ನವು ಅಡುಗೆಮನೆಯಲ್ಲಿದೆ, ಆಕೆ ಅದನ್ನು ತಾನಾಗಿ ಬಿಟ್ಟಿದ್ದಾಳೆ. ಕಿತ್ತುಕೊಂಡ ಅನ್ನಕ್ಕೆ ತ್ಯಾಗವೆಂಬ ಹೆಸರು ಸಲ್ಲದು. “ಸಹಿಸಿಕೋ ತಾಯಿ, ಕರ್ಮ ನಿರ್ಜರೆಯಾಗುತ್ತದೆ” ಎಂದು ಅಂಥವಳಿಗೆ ಬುದ್ಧಿ ಹೇಳುವ ಹಿರಿಯರುಂಟು. ಪರವಶರಾದವರು ಹಸಿವು ಬಾಯಾರಿಕೆಗಳನ್ನು ಸಹಿಸುವುದಕ್ಕೆ ಶಾಸ್ತ್ರದಲ್ಲಿ ಅಕಾಮ ನಿರ್ಜರೆ ಎಂಬ ಹೆಸರೇನೋ ಇದೆ. ಆದರೆ ಅದು ಬಂಧನಕ್ಕೊಳಗಾದವರ ಲೆಕ್ಕ; ಬಂಧಿಸಿದವನ ಲೆಕ್ಕದಲ್ಲಿ ಅದೇ ಕ್ಷಣ ಆಸ್ರವವಾಗುತ್ತಿರುತ್ತದೆ. ಸಹನೆಯನ್ನು ಬೋಧಿಸುವವರು ಈ ಎರಡನೆಯ ಪುಟವನ್ನು ತೆರೆಯುವುದೇ ಇಲ್ಲ.

ಆ ಪುಟದಲ್ಲಿರುವುದು ಸ್ಪಷ್ಟವಾಗಿಯೇ ಇದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವು ದನಕರುಗಳ ವಿಷಯವೆಂದು ಓದಿ ಮುಂದೆ ಸಾಗುವುದು ರೂಢಿ. ಪೂಜ್ಯಪಾದರ ವ್ಯಾಖ್ಯಾನವನ್ನು ನಿಧಾನವಾಗಿ ನೋಡಿದರೆ, ಜೀವಿಯು ಹೋಗಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಬಾರುಕೋಲುಗಳಿಂದ ಹೊಡೆಯುವುದು. ತವರಿಗೆ ಹೋಗಗೊಡದಿರುವುದು, ಫೋನನ್ನು ಕಿತ್ತಿಟ್ಟುಕೊಳ್ಳುವುದು, ಬಸುರಿಯ ಮೇಲೆ ಮನೆಯ ದುಡಿಮೆಯನ್ನೆಲ್ಲ ಹೊರಿಸುವುದು, ಮುನಿಸಿಕೊಂಡು ಊಟ ತಪ್ಪಿಸುವುದು – ಇವಕ್ಕೆ ಬೇರೆ ಶಬ್ದಕೋಶ ಬೇಕಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ, ಆರ್ಥಿಕ ಪೀಡನೆಗಳೆಂದು ವಿಂಗಡಿಸಿದುದನ್ನು, ಅಣುವ್ರತಿಯು ಬಹುಪಾಲು ಎಂದೋ ಪಾಠ ಮಾಡಿದ್ದಾನೆ. ಎತ್ತಿಗೆ ಸಲ್ಲುವ ದಯೆ ಸೊಸೆಗೆ ಸಲ್ಲದೆಂದು ಯಾವ ಆಚಾರ್ಯರೂ ಹೇಳಿಲ್ಲ.

ಹೀಗಿದ್ದೂ ನೆರೆಯವರು ಬಾಗಿಲು ತಟ್ಟುವುದಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಅವರಿಗೆ ಒಳ್ಳೆಯ ಆಸರೆ. ಉಣ್ಣಲು ಕೊಡದ, ಮಲಗಲು ಎಡೆಯಿಲ್ಲದ ಜಗಳಕ್ಕೆ ಆ ಗಾದೆಯಲ್ಲಿ ಅವಧಿಯೇ ಹೇಳಿಲ್ಲ. ತುಸು ಶಾಸ್ತ್ರ ತಿಳಿದವರು ಉಪಗೂಹನವನ್ನು ಮುಂದೊಡ್ಡುತ್ತಾರೆ: ಸಧರ್ಮಿಗಳ ದೋಷವನ್ನು ಬಯಲಿಗೆಳೆಯಬಾರದು, ಅದು ಸಮ್ಯಗ್ದರ್ಶನದ ಅಂಗವೆಂದು. ಸಮಂತಭದ್ರರು ಅಲ್ಲಿ ಹೇಳಿರುವುದು, ಅಜ್ಞರೂ ಅಶಕ್ತರೂ ಆದವರಿಂದ ಶುದ್ಧವಾದ ಮಾರ್ಗಕ್ಕೆ ತಗುಲಿದ ಅಪವಾದವನ್ನು ಒರೆಸಿ ತೊಡೆಯುವುದನ್ನು. ಒರೆಸುವುದಕ್ಕೂ ಚಾಪೆಯಡಿಗೆ ಗುಡಿಸುವುದಕ್ಕೂ ವ್ಯತ್ಯಾಸವಿದೆ. ಬಾಯಿ ಮುಚ್ಚಿಸುವುದರಿಂದ ಹೊಡೆಯುವವನ ಗೌರವ ಉಳಿದೀತು, ಮಾರ್ಗದ್ದಲ್ಲ. ಇನ್ನೊಂದು ವಾದವು ಸತ್ಯಾಣುವ್ರತದಿಂದ ಬರುತ್ತದೆ: ಪರರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯಬಾರದಷ್ಟೆ? ನಿಜ. ಆದರೆ ಮೌನದಿಂದ ವಿಪತ್ತು ಯಾರಿಗೆ ತಪ್ಪುತ್ತದೆ, ಯಾರಿಗೆ ಒದಗುತ್ತದೆ ಎಂಬುದನ್ನು ಮೊದಲು ಎಣಿಸಬೇಕು. ಹಿಂಸೆಯನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಲ್ಲಿ ಗೋಡೆಯೀಚೆಗೆ ಕುಳಿತವರ ಪಾಲು ಎಷ್ಟೆಂಬುದು ಅಷ್ಟು ಸುಲಭವಾಗಿ ತಳ್ಳಿಹಾಕಬಹುದಾದ ಪ್ರಶ್ನೆಯಲ್ಲ.

ಉತ್ತಮ ಕ್ಷಮೆಯ ಮಾತಿಗೆ ಬಂದರೆ ತೊಡಕು ಹೆಚ್ಚು. ಪರ್ವದ ಮೊದಲ ದಿನವೇ ಕ್ಷಮಾಧರ್ಮ. ಮುಗಿದ ಮೇಲೆ ಕ್ಷಮಾವಣಿ. ಮನೆ ಬಿಟ್ಟು ಬಂದವಳನ್ನು “ಕ್ಷಮಿಸಿ ಹಿಂದಿರುಗು” ಎಂದು ಕಳುಹಿಸಲು ಇದಕ್ಕಿಂತ ಅನುಕೂಲವಾದ ಮುಹೂರ್ತ ಬೇರಿಲ್ಲ. ಕ್ಷಮೆ ಅಂತರಂಗದ ಗುಣ. ಅದನ್ನು ಇನ್ನೊಬ್ಬರು ಕೇಳಿ ಪಡೆಯಬಹುದು, ವಿಧಿಸಲಾಗದು. ಮೇಲಾಗಿ ಕ್ಷಮಿಸುವುದೂ ಹಿಂದಿರುಗುವುದೂ ಒಂದೇ ಅಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಚಂದನೆಯ ವೃತ್ತಾಂತವಿದೆ. ಅಪಹೃತಳಾಗಿ, ಕಾಡುಪಾಲಾಗಿ, ಕೊನೆಗೆ ಕೌಶಾಂಬಿಯ ಶ್ರೇಷ್ಠಿಯೊಬ್ಬನ ಮನೆ ಸೇರಿದ ಚೇಟಕರಾಜನ ಮಗಳು ಆಕೆ. ಶ್ರೇಷ್ಠಿಯ ಪತ್ನಿ ಸುಭದ್ರೆ ಶಂಕೆಯಿಂದ ಆಕೆಯನ್ನು ಸಂಕೋಲೆಯಲ್ಲಿಟ್ಟು, ಮಣ್ಣಿನ ಪಾತ್ರೆಯಲ್ಲಿ ಹುಳಿಗಂಜಿ ಬೆರೆಸಿದ ಹಾರಕದ ಕೂಳನ್ನು ಕೊಡಿಸುತ್ತಿದ್ದಳು. ಮನೆ ಸಿರಿವಂತರದು, ಬೀದಿ ಗೌರವಸ್ಥರದು. ಸಂಕೋಲೆಯ ಸದ್ದು ಒಬ್ಬರಿಗೂ ಕೇಳಿಸಲಿಲ್ಲವೆಂದು ನಂಬುವುದು ಕಷ್ಟ. ವರ್ಧಮಾನ ಮುನಿಗಳು ಆಹಾರಕ್ಕೆ ಬಂದುದು ಆ ಬಂದಿನಿಯೆದುರಿಗೆ. ಸಂಕೋಲೆ ಕಳಚಿತು. ಅನಂತರ ಆಕೆ ಆ ಮನೆಯ ಊಳಿಗಕ್ಕೆ ಮರಳಲಿಲ್ಲ. ದೀಕ್ಷೆ ಪಡೆದು ಭಗವಂತನ ಸಂಘದ 36,000 ಆರ್ಯಿಕೆಯರಿಗೆ ಪ್ರಮುಖಳಾದಳು. ಆಕೆಯ ಹೃದಯದಲ್ಲಿ ಕ್ಷಮೆಯಿರಲಿಲ್ಲವೆಂದು ಯಾರೂ ಹೇಳಲಾರರು.

ಆವಾಸದಾನವನ್ನು ಆಚಾರ್ಯರು ಸಂಯಮಿಗಳಿಗಾಗಿ ಹೇಳಿದ್ದಾರೆ, ಬೀದಿಯಲ್ಲಿರುವವರು ಪಾತ್ರರಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಪಾತ್ರವಿವೇಕ ಶ್ರಾವಕನಿಗೆ ಆವಶ್ಯಕ. ಆದರೆ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕಾಗಿ ವಿಂಗಡಿಸುವಾಗ ಪಾತ್ರದತ್ತಿಯೊಂದಿಗೆ ದಯಾದತ್ತಿಯನ್ನೂ ಹೇಳಿದರು. ಅನುಕಂಪೆಗೆ ಅರ್ಹವಾದ ಜೀವಗಳಿಗೆ ಅಭಯವೀಯುವುದೇ ಅದು. ಅಲ್ಲಿ ಯೋಗ್ಯತೆಯ ಪರೀಕ್ಷೆಯಿಲ್ಲ, ಭಯವಿದೆಯೆ ಎಂಬುದೊಂದೇ ಪ್ರಶ್ನೆ. ಅಂಜನೆಯನ್ನು ಅತ್ತೆ ಕೇತುಮತಿ ಹೊರಗಟ್ಟಿದಳು, ತಂದೆ ಮಹೇಂದ್ರನೂ ಬಾಗಿಲು ತೆರೆಯಲಿಲ್ಲ. ಇಬ್ಬರೂ ಮೊದಲು ಯೋಗ್ಯತೆಯ ಪರೀಕ್ಷೆ ಮಾಡಿದವರೇ. ತುಂಬು ಬಸುರಿಗೆ ಕೊನೆಗೆ ಎಡೆ ದೊರೆತದ್ದು ಕಾಡಿನ ಗುಹೆಯಲ್ಲಿ.

ಅಭಯವಿಲ್ಲದ ಆವಾಸ ಎಂತಹದೆಂಬುದಕ್ಕೆ ದೀಪಾಂಜಲಿ ನಗರದಿಂದ ದೂರ ಹೋಗಬೇಕಿಲ್ಲ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಜನವರಿಯಿಂದ ಆಗಸ್ಟ್‌ವರೆಗೆ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಸೂರಿತ್ತು, ಗೋಡೆಯಿತ್ತು, ಊಟದ ಏರ್ಪಾಡೂ ಇತ್ತು. ಬೀದಿಯಿಂದ ಹಿಡಿದು ತಂದವರು ಅನೇಕರು ಸುದ್ದಿ ಹರಡಿದಾಗ ಅಲ್ಲಿಂದ ಬೀದಿಗೇ ಓಡಿಹೋದರು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯಂತೆ ಆಸ್ತಿ ತೆರಿಗೆಯೊಂದಿಗೆ ಶೇ. 3ರಷ್ಟು ಭಿಕ್ಷುಕರ ಕರವನ್ನು ಮನೆಯೊಡೆಯರಿಂದ ವಸೂಲು ಮಾಡಲಾಗುತ್ತದೆ. ಎಂದರೆ ಸ್ವಂತ ಮನೆಯುಳ್ಳ ಪ್ರತಿಯೊಬ್ಬ ಶ್ರಾವಕನೂ ತಾನರಿಯದೆಯೇ ಒಂದು ಬಗೆಯ ಆವಾಸದಾನಿ! ದಾತೃವಿನಲ್ಲಿರಬೇಕಾದ ಗುಣಗಳಲ್ಲಿ ವಿಜ್ಞಾನವೂ ಒಂದೆಂದು ಹೇಳಿರುವುದು ವ್ಯರ್ಥವಲ್ಲ. ಕೊಟ್ಟದ್ದು ಏನಾಯಿತೆಂದು ಕೇಳುವುದೂ ಅದರಲ್ಲಿ ಸೇರಿದೆ.

ಆವಾಸದಾನಕ್ಕೆ ದೃಷ್ಟಾಂತವಾಗಿ ಸಮಂತಭದ್ರರು ಒಂದು ಹಂದಿಯನ್ನು ಹೆಸರಿಸಿದ್ದಾರೆ. ಪ್ರಭಾಚಂದ್ರರ ಟೀಕೆಯಲ್ಲಿ ಕಥೆ ಹೀಗಿದೆ. ಮಾಳವದ ಘಟಗ್ರಾಮದಲ್ಲಿ ಕುಂಬಾರ ದೇವಿಲನೂ ಅವನ ಜೊತೆಗಾರ ಧಮಿಲ್ಲನೂ ಕೂಡಿ ದಾರಿಹೋಕರಿಗಾಗಿ ಒಂದು ತಂಗುಮನೆ ಕಟ್ಟಿಸಿದರು. ದೇವಿಲನು ಅಲ್ಲಿ ಮುನಿಯೊಬ್ಬರಿಗೆ ಎಡೆಮಾಡಿಕೊಟ್ಟನು. ಧಮಿಲ್ಲನು ಪರಿವ್ರಾಜಕನೊಬ್ಬನನ್ನು ಕರೆತಂದು ಮುನಿಯನ್ನು ಹೊರಹಾಕಿದನು. ಅವರು ಮರದ ಬುಡದಲ್ಲಿ ಸೊಳ್ಳೆ, ಚಳಿಗಳನ್ನು ಸಹಿಸುತ್ತ ರಾತ್ರಿ ಕಳೆದರು. ಜೊತೆಗಾರರಿಬ್ಬರೂ ಇದಕ್ಕಾಗಿ ಕಾದಾಡಿ ಸತ್ತು, ವಿಂಧ್ಯದಲ್ಲಿ ದೇವಿಲನು ಹಂದಿಯಾಗಿ, ಧಮಿಲ್ಲನು ಹುಲಿಯಾಗಿ ಹುಟ್ಟಿದರು. ಹಂದಿಯಿದ್ದ ಗುಹೆಗೆ ಇಬ್ಬರು ಮುನಿಗಳು ಬಂದು ತಂಗಿದರು. ವಾಸನೆ ಹಿಡಿದು ಹುಲಿ ಬಂದಾಗ ಹಂದಿ ಗುಹೆಯ ಬಾಯಿಗೆ ಅಡ್ಡ ನಿಂತು ಹೋರಾಡಿ ಪ್ರಾಣ ಬಿಟ್ಟಿತು. ಮನೆ ಕಟ್ಟಿಸಿದ ಜನ್ಮದಲ್ಲಿ ದೇವಿಲನು ಅತಿಥಿಯನ್ನು ಉಳಿಸಿಕೊಳ್ಳಲಾರದೆ ಹೋದನು. ಕಥೆಯು ಅವನನ್ನು ದಾನಿಯೆಂದು ಕೊಂಡಾಡುವುದು, ಕಟ್ಟಲು ಏನೂ ಇಲ್ಲದ, ಬಾಗಿಲಿಗೆ ಅಡ್ಡ ನಿಲ್ಲುವುದಷ್ಟೇ ಸಾಧ್ಯವಿದ್ದ ಜನ್ಮದಲ್ಲಿ.

ಬಾಗಿಲಿಗೆ ಅಡ್ಡ ನಿಲ್ಲಲು ಇಂದು ಪ್ರಾಣ ಕೊಡಬೇಕಿಲ್ಲ. ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವುಳ್ಳ ಯಾರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಇಲ್ಲವೆಂದು 2005ರ ಕಾಯಿದೆಯ 4ನೆಯ ಕಲಮು ಹೇಳುತ್ತದೆ. ಕೂಡಿ ಬಾಳಿದ ಮನೆಯಲ್ಲಿ ಹೆಣ್ಣಿಗೆ ವಾಸದ ಹಕ್ಕುಂಟೆಂಬುದು 17ನೆಯ ಕಲಮು. ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದ ಮಾತ್ರಕ್ಕೆ ಆ ಹಕ್ಕು ಅಳಿಯದೆಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ತೀರ್ಪಿತ್ತಿದೆ. 181 ಎಂಬ ಮಹಿಳಾ ಸಹಾಯವಾಣಿ ಹಗಲಿರುಳೂ ಇದೆ. ‘ಸಖಿ’ ಕೇಂದ್ರಗಳಲ್ಲಿ ವೈದ್ಯರ ನೆರವು, ಪೊಲೀಸು, ವಕೀಲರ ಸಲಹೆ ಒಂದೆಡೆ ದೊರೆಯುತ್ತವೆ. ತಾತ್ಕಾಲಿಕ ವಸತಿಯೂ ಉಂಟು, ಅದು ಸಾಮಾನ್ಯವಾಗಿ ಐದು ದಿನಗಳ ಮಟ್ಟಿಗೆ.

ಆರನೆಯ ದಿನ ಆಕೆ ಎಲ್ಲಿಗೆ ಹೋಗಬೇಕು? ಸರಕಾರದ ದೀರ್ಘಾವಧಿಯ ವಸತಿಗೃಹಗಳಿವೆ, ಆದರೆ ಮಗುವಿನ ಶಾಲೆ, ಆಕೆಯ ಕೆಲಸ ಇವೇ ಓಣಿಗಳಲ್ಲಿರುತ್ತವೆ. ಬಸದಿಯ ಪಕ್ಕದ ಧರ್ಮಶಾಲೆ, ಸಮುದಾಯ ಭವನದ ಮೇಲಿನ ಕೊಠಡಿಗಳು ವರ್ಷದ ಬಹುಭಾಗ ಬೀಗ ಹಾಕಿಕೊಂಡಿರುತ್ತವೆ. ಅವುಗಳಲ್ಲಿ ಒಂದನ್ನು ಇದಕ್ಕಾಗಿ ಮೀಸಲಿಡಲು ಆಡಳಿತ ಸಮಿತಿಯ ಒಂದು ನಿರ್ಣಯ ಸಾಕು. ಬಂದವರ ಹೆಸರನ್ನು ಎಲ್ಲರೂ ತಿರುವಿ ನೋಡುವ ಪುಸ್ತಕದಲ್ಲಿ ಬರೆಯತಕ್ಕದ್ದಲ್ಲ. ಹುಡುಕಿಕೊಂಡು ಬಂದ ಗಂಡನಿಗೆ, ಅವನು ಸಮಿತಿಯ ಸದಸ್ಯನೇ ಆಗಿರಲಿ, “ಇಲ್ಲಿ ಯಾರಿದ್ದಾರೆಂಬುದನ್ನು ಹೇಳುವುದಿಲ್ಲ” ಎನ್ನಲು ಒಬ್ಬ ಗಟ್ಟಿ ಹೆಂಗಸು ಬೇಕು. ಸೂರ್ಯಾಸ್ತದ ಮೇಲೆ ಬಂದ ಮಗುವಿಗೆ ಹಾಲು ಕೊಡುವಾಗ ರಾತ್ರಿಭೋಜನದ ಚರ್ಚೆ ಎತ್ತತಕ್ಕದ್ದಲ್ಲ. ವ್ರತ ಅದನ್ನು ತೊಟ್ಟವರದು. ಮತ್ತು ಕೊಠಡಿಯ ಚಿಲಕವು ಒಳಗಿನಿಂದ ಹಾಕಿಕೊಳ್ಳುವಂತಹದಾಗಿರಬೇಕು, ಹೊರಗಿನಿಂದಲ್ಲ.