ಶನಿವಾರದ ಕನ್ನಡ ಸರ್

ನಮ್ಮ ಮನೆಯಿಂದ ಎರಡು ಲೋಕಲ್ ಸ್ಟೇಷನ್ ಆಚೆ, ಮುಂಬಯಿಯ ಉಪನಗರವೊಂದರಲ್ಲಿ, ಒಂದು ಟ್ರಸ್ಟ್ ಆಸ್ಪತ್ರೆ ಇದೆ. ಹೆಸರು ಬೇಡ. ನಾಲ್ಕು ವರ್ಷಗಳಿಂದ ಶನಿವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ನಾನಲ್ಲಿ ಸ್ವಯಂಸೇವಕ. ಒಂದು ಮೇಜು, ಎರಡು ಕುರ್ಚಿ, ‘ಮದತ್ ಕಕ್ಷ’ ಎಂದು ಬರೆದ ಒಂದು ಫಲಕ. ಕೇಸ್ ಪೇಪರ್ ಎಲ್ಲಿ ಮಾಡಿಸಬೇಕು, ಎಕ್ಸ್‌ರೇ ಯಾವ ಮಹಡಿಯಲ್ಲಿ ಎಂದು ಹೇಳುವುದು, ಓದಲು ಬಾರದವರಿಗೆ ಫಾರಂ ತುಂಬಿಕೊಡುವುದು ಅಲ್ಲಿಯ ಕೆಲಸ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಸಿಕ್ಕರೆ ಡಾಕ್ಟರ ಹಿಂದಿಯನ್ನು ಕನ್ನಡ ಮಾಡುವುದು. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಯಾರದೋ ದೂರದ ಲಾಭನಷ್ಟ ನೋಡುವವನಿಗೆ ಆ ನಾಲ್ಕು ಗಂಟೆ ಎಷ್ಟು ಹಿತವಾಗಿತ್ತೆಂದರೆ, ಅದು ಯಾರಿಗಾಗಿ ಮಾಡುತ್ತಿರುವ ಕೆಲಸ ಎಂದು ಕೇಳಿಕೊಳ್ಳುವ ಗೋಜಿಗೇ ನಾನು ಹೋಗಿರಲಿಲ್ಲ.

ಕೇಳಿಕೊಳ್ಳುವಂತೆ ಮಾಡಿದ್ದು ಒಬ್ಬ ಮುದುಕರು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಕೊಳೆತು ಬಂದಿದ್ದರು. ಮಗ ಪಕ್ಕದ ಬಡಾವಣೆಯಲ್ಲಿ ಏಳುತ್ತಿದ್ದ ಇಪ್ಪತ್ತೆರಡು ಅಂತಸ್ತಿನ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸದವನು. ಕೌಂಟರಿನಲ್ಲಿ ನಲವತ್ತು ಸಾವಿರ ಡಿಪಾಸಿಟ್ ಕಟ್ಟಿ ಅಂದಿದ್ದರು. ಅಪ್ಪನನ್ನು ಹೊತ್ತುಕೊಂಡು ಊರಿಗೆ ಹೋಗುವುದೋ, ಮುಕಾದಮನ ಹತ್ತಿರ ಸಾಲ ಕೇಳುವುದೋ ಎಂದು ಅವನು ಗೋಡೆಗೆ ಒರಗಿ ನಿಂತಿದ್ದ. ನಾನು ಅವರನ್ನು ಮೆಡಿಕಲ್ ಸೋಷಿಯಲ್ ವರ್ಕರ್ ಹತ್ತಿರ ಕರೆದುಕೊಂಡು ಹೋದೆ. ಫಾರಂ ತುಂಬಿದೆ. ರೇಷನ್ ಕಾರ್ಡು ಕರ್ನಾಟಕದ್ದು ಎಂದು ಒಂದಿಷ್ಟು ವಾದವಾಯಿತು. ನಾನೂ ಸ್ವಲ್ಪ ಜೋರು ಮಾಡಿದೆ. ಸಂಜೆಯೊಳಗೆ ‘ನಿರ್ಧನ’ ಎಂಬ ಸಾಲಿನಲ್ಲಿ ಮುದುಕರಿಗೆ ಮಂಚ ಸಿಕ್ಕಿತು, ಡಿಪಾಸಿಟ್ ಇಲ್ಲದೆ. ಎರಡು ವಾರದ ನಂತರ ಬೆರಳೆರಡು ಕಳೆದುಕೊಂಡು, ಕಾಲು ಉಳಿಸಿಕೊಂಡು ಮನೆಗೆ ಹೊರಟಾಗ ಗಾಲಿಕುರ್ಚಿಯಿಂದಲೇ ಬಗ್ಗಿ ನನ್ನ ಕಾಲು ಮುಟ್ಟಲು ಬಂದರು. “ನಿಮ್ಮ ಹೊಟ್ಟಿ ತಣ್ಣಗಿರ್ಲಿ ರೀ ಯಪ್ಪಾ” ಅಂದರು. ನನ್ನ ಅಪ್ಪನ ವಯಸ್ಸಿನವರು. ‘ಅಯ್ಯೋ ಬೇಡ’ ಎಂದು ಹಿಂದೆ ಸರಿದೆ ನಿಜ, ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಆ ಕಥೆಯನ್ನು ಎರಡು ಸಲ ಹೇಳಿದೆ.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಮಹಾರಾಷ್ಟ್ರದಲ್ಲಿರುವ ನಮ್ಮವರಲ್ಲೂ ಅನೇಕರಿಗೆ ಇದು ಗೊತ್ತಿಲ್ಲ. ಇಲ್ಲಿಯ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಲ್ಲಿ 41ಎಎ ಎಂಬ ಕಲಮು ಇದೆ. ಅದರ ಆಧಾರದ ಮೇಲೆ 2006ರಲ್ಲಿ ಬಾಂಬೆ ಹೈಕೋರ್ಟು ಒಂದು ಯೋಜನೆಗೆ ರೂಪ ಕೊಟ್ಟಿತು. ಅದರಂತೆ ದೊಡ್ಡ ಧರ್ಮಾರ್ಥ ಆಸ್ಪತ್ರೆಗಳು ನೂರಕ್ಕೆ 10 ಮಂಚಗಳನ್ನು ನಿರ್ಧನರಿಗೆ ಉಚಿತವಾಗಿ, ಇನ್ನು 10 ಮಂಚಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ಉಳಿದ ರೋಗಿಗಳ ಬಿಲ್ಲಿನಲ್ಲಿ ಶೇ. 2ರಷ್ಟನ್ನು ತೆಗೆದು ಬಡರೋಗಿಗಳ ನಿಧಿಗೆ ಹಾಕಬೇಕು. ತುರ್ತು ಚಿಕಿತ್ಸೆಗೆ ಬಂದ ಬಡವರನ್ನು ಡಿಪಾಸಿಟ್ ಕೇಳಿ ನಿಲ್ಲಿಸಬಾರದು. ಟ್ರಸ್ಟ್ ಎಂದು ತೆರಿಗೆ ವಿನಾಯಿತಿ ಪಡೆದದ್ದಕ್ಕೆ ಆಸ್ಪತ್ರೆ ಸಮಾಜಕ್ಕೆ ತೀರಿಸಬೇಕಾದ ಬಾಕಿ ಇದು. ನಮ್ಮ ಆಸ್ಪತ್ರೆಯಲ್ಲೂ ಇದನ್ನೆಲ್ಲ ಬರೆದ ಬೋರ್ಡು ಇತ್ತು. ಮರಾಠಿ ಮತ್ತು ಇಂಗ್ಲಿಷಿನಲ್ಲಿ, ಲಿಫ್ಟಿನ ಪಕ್ಕದ ಹೂಕುಂಡದ ಹಿಂದೆ.

ಅಂದರೆ ಮುದುಕರಿಗೆ ನಾನು ಕೊಟ್ಟದ್ದು ಏನು? ಅವರದೇ ಆದ ಒಂದು ವಸ್ತುವನ್ನು ಹೂಕುಂಡದ ಹಿಂದಿನಿಂದ ತೆಗೆದು ಅವರ ಕೈಗಿಟ್ಟೆ. ಅದು ಅವರ ಕಣ್ಣಿಗೆ ನನ್ನ ಜೇಬಿನಿಂದ ಬಂದಂತೆ ಕಂಡಿತು. ಕಾಣಲಿ ಎಂದು ನಾನೂ ಸುಮ್ಮನಿದ್ದೆ.

ಇದರ ಬೆಲೆ ತಿಳಿದದ್ದು ಎರಡು ತಿಂಗಳ ನಂತರ. ಒಂದು ಶನಿವಾರ ಆಫೀಸಿನವರ ಜೊತೆ ಲೋಣಾವಳಕ್ಕೆ ಹೋಗಿದ್ದೆ. ಮಳೆ, ಬಿಸಿ ಭಜಿ, ಫೋಟೋಗಳು. ಮುಂದಿನ ವಾರ ಮೇಜಿಗೆ ಬಂದಾಗ ಅದೇ ಕಟ್ಟಡದ ಕೆಲಸದ ಹೆಂಗಸೊಬ್ಬಳು ಮಗಳ ಹೊಲಿಗೆ ಬಿಚ್ಚಿಸಲು ಬಂದಿದ್ದಳು. ಹುಡುಗಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು, ನಾನಿಲ್ಲದ ಶನಿವಾರವೇ. ಡಿಪಾಸಿಟ್ಟಿಗೆ ಕಿವಿಯೋಲೆ ಅಡವಿಟ್ಟು, ಮಿಕ್ಕಿದ್ದಕ್ಕೆ ಮುಕಾದಮನಿಂದ ಬಡ್ಡಿ ಸಾಲ ತಂದಿದ್ದಳು. ‘ಸೋಷಿಯಲ್ ವರ್ಕರ್ ಹತ್ರ ಯಾಕೆ ಹೋಗಲಿಲ್ಲ ತಾಯಿ?’ ಅಂದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ನೀವು ಇರಲಿಲ್ಲಲ್ರೀ. ಶನಿವಾರ ಕನ್ನಡ ಸರ್ ಇದ್ರ ಬಿಟ್ಟಿ ಆಗ್ತದ ಅಂತ ಹೇಳಿದ್ರು. ನೀವು ಇರಲಿಲ್ಲ, ಅದಕ್ಕ ರೊಕ್ಕ ಕಟ್ಟಿದಿವ್ರಿ” ಅಂದಳು.

ದೂರಿನ ದನಿ ಒಂದಿಷ್ಟೂ ಇರಲಿಲ್ಲ. ಮಳೆ ಬಂತು, ಅದಕ್ಕೇ ನೆನೆದೆವು ಎಂಬಂತೆ ಹೇಳಿದಳು. ಮುದುಕರ ಮಗ ಸೈಟಿನಲ್ಲಿ ಹೋಗಿ ಹೇಳಿದ್ದು ಕಾಯ್ದೆಯ ಬಗ್ಗೆ ಅಲ್ಲ, ನನ್ನ ಬಗ್ಗೆ. ನಾನು ಅವನಿಗೆ ತಿಳಿಸಿದ್ದೂ ಅಷ್ಟೇ ಆಗಿತ್ತು. ಕಟ್ಟಿದ ದುಡ್ಡಿಗಾಗಿ ನಾನು ಆಮೇಲೆ ಕೌಂಟರಿಂದ ಕೌಂಟರಿಗೆ ಓಡಾಡಿದೆ. ಕಟ್ಟಿದ್ದು ಕಟ್ಟಿದ್ದೇ ಆಯಿತು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಇನ್ನೊಬ್ಬರಿಗೆ ಸಲ್ಲಬೇಕಾದದ್ದು ನನ್ನ ಒಳ್ಳೆಯತನದ ಮೂಲಕವೇ ಸಲ್ಲುವಂತಾದರೆ ನಾನು ಒಳ್ಳೆಯದು ಮಾಡಿದೆನೇ? ಹಕ್ಕಿಗೆ ವಾರದ ಏಳೂ ದಿನ ಬಾಗಿಲು ತೆರೆದಿರಬೇಕು. ಉಪಕಾರಕ್ಕೆ ಶನಿವಾರ ಸಾಕು, ಅದಕ್ಕೆ ಲೋಣಾವಳದ ರಜೆಯೂ ಉಂಟು. ನಾನು ಬಿಟ್ಟುಹೋಗಬಹುದು, ರೋಗಿ ಬಿಟ್ಟುಹೋಗುವಂತಿಲ್ಲ. ನನ್ನ ಸೇವೆಯ ಸೊಗಸೆಲ್ಲ ಇದ್ದದ್ದು ಈ ‘ಬಿಟ್ಟುಹೋಗಬಹುದು’ ಎಂಬುದರಲ್ಲೇ. ಸಂಬಳಕ್ಕಲ್ಲ, ಬಲವಂತಕ್ಕಲ್ಲ, ನಾನಾಗಿ ಬಂದೆ ಎಂಬ ಹೆಮ್ಮೆಯಲ್ಲಿ.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ನಾವು ನಾಲ್ಕೈದು ಜನ ಸ್ವಯಂಸೇವಕರು ಬರುವ ಮೊದಲು ಆ ಮೇಜಿನ ಹಿಂದೆ ಸಂಬಳದ ಹುಡುಗಿಯೊಬ್ಬಳು ಕೂರುತ್ತಿದ್ದಳಂತೆ, ಸೋಮವಾರದಿಂದ ಶನಿವಾರ. ನಾವು ಬಂದ ಮೇಲೆ ಆ ಹುದ್ದೆ ಹೋಯಿತು. ನಮ್ಮ ಸೇವೆಗೆ ಸಂಬಳವಿಲ್ಲ ಎಂದು ನಾವು ಹೇಳಿಕೊಳ್ಳುವಾಗ ಆ ಸಂಬಳ ಯಾರದಾಗಿತ್ತು ಎಂದು ಯಾರೂ ಹೇಳುವುದಿಲ್ಲ.

ಹಾಗಾದರೆ ದುಡ್ಡಿಲ್ಲದೆ ಕೊಡುವುದೇ ತಪ್ಪೆಂದು ಅರ್ಥವೇ? ಇಂಗ್ಲೆಂಡಿನ ರಿಚರ್ಡ್ ಟಿಟ್ಮಸ್ ಎಂಬ ವಿದ್ವಾಂಸ 1970ರಲ್ಲಿ ರಕ್ತದಾನದ ಬಗ್ಗೆ ಒಂದು ಪುಸ್ತಕ ಬರೆದ. ರಕ್ತಕ್ಕೆ ಬೆಲೆ ಕಟ್ಟಿದರೆ ರಕ್ತವೂ ಕೆಡುತ್ತದೆ, ಕೊಡುವ ಮನಸ್ಸೂ ಕೆಡುತ್ತದೆ ಎಂಬುದು ಅವನ ವಾದದ ತಿರುಳು. ನಮ್ಮಲ್ಲೂ ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರವೇ ದುಡ್ಡಿಗೆ ರಕ್ತ ಮಾರುವುದು ನಿಂತದ್ದು. ಆದರೆ ರಕ್ತದಾನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯೇ ಸಂಗತಿ: ಕೊಟ್ಟವನು ಯಾರೆಂದು ಪಡೆದವನಿಗೆ ಗೊತ್ತಾಗುವುದಿಲ್ಲ. ಚೀಲದ ಮೇಲೆ ಒಂದು ನಂಬರು, ಒಂದು ಗುಂಪಿನ ಹೆಸರು. ಯಾರೂ ಯಾರ ಕಾಲೂ ಮುಟ್ಟಬೇಕಿಲ್ಲ.

ನಮ್ಮ ಶರಣರು ದಾನವನ್ನೂ ದಾಸೋಹವನ್ನೂ ಬೇರೆಬೇರೆಯಾಗಿ ಕಂಡದ್ದರ ಅರ್ಥ ನನಗೆ ಈ ಮೇಜಿನ ಹಿಂದೆ ಕೂತೇ ಆದದ್ದು. ಚಿಕ್ಕಂದಿನಲ್ಲಿ ಮಠದ ದಾಸೋಹದಲ್ಲಿ ಉಂಡಾಗ ಅದೊಂದು ಊಟದ ಹೆಸರು ಅಂದುಕೊಂಡಿದ್ದೆ. ದಾನದಲ್ಲಿ ಕೊಟ್ಟ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಅವನು ಬಡಿಸುತ್ತಿರುವುದು ಅವನದಲ್ಲ. ಪಂಕ್ತಿಯಲ್ಲಿ ಕೂತವನು ಬಡಿಸುವವನಿಗೆ ಕೈಮುಗಿಯುವುದಿಲ್ಲ, ಸಾರು ಇನ್ನೊಂದು ಸೌಟು ಹಾಕು ಅನ್ನುತ್ತಾನೆ. ಆ ಗತ್ತು ನನ್ನ ಮೇಜಿನ ಮುಂದೆ ನಿಂತವರಲ್ಲಿ ಒಬ್ಬರಲ್ಲೂ ಕಂಡಿರಲಿಲ್ಲ.

ಇದಕ್ಕೆ ತೀರಾ ಎದುರಾದ ಉದಾಹರಣೆ ಕೇರಳದಲ್ಲಿದೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಕೆಲವು ವೈದ್ಯರು ಮತ್ತು ಗೆಳೆಯರು ಸೇರಿ, ವಾಸಿಯಾಗದ ಕಾಯಿಲೆಯವರ ನೋವು ಇಳಿಸುವುದಕ್ಕೆಂದು ಒಂದು ಸಂಘ ಶುರುಮಾಡಿದರು. ಮುಂದೆ ಮಲಪ್ಪುರಂ ಕಡೆಯ ಊರುಗಳಲ್ಲಿ ಶಿಕ್ಷಕರು, ಅಂಗಡಿಯವರು, ವಿದ್ಯಾರ್ಥಿಗಳು ತಮ್ಮ ಬೀದಿಯ ಹಾಸಿಗೆ ಹಿಡಿದವರನ್ನು ತಾವೇ ನೋಡಿಕೊಳ್ಳುವಂತಾದರು. ಸಣ್ಣ ಸಣ್ಣ ಮೊತ್ತ ಕೂಡಿಸಿ ನರ್ಸನ್ನೂ ಔಷಧಿಯನ್ನೂ ಮನೆಬಾಗಿಲಿಗೆ ಒಯ್ದರು. ಅಷ್ಟೇ ಆಗಿದ್ದರೆ ಅದೂ ಒಂದು ಒಳ್ಳೆಯ ಸೇವೆ ಅನ್ನಬಹುದಿತ್ತು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದು ಸ್ಥಳೀಯ ಸಂಸ್ಥೆಗಳಿಗೆ ಹೊಣೆ ಹೊರಿಸಿತು. ಪಂಚಾಯಿತಿಯ ನರ್ಸು ಮನೆಗೆ ಬರುವಂತಾಯಿತು. ಅಲ್ಲಿ ಸ್ವಯಂಸೇವಕರ ಉಪಕಾರ ಹಕ್ಕಾಗುವ ಕಡೆಗೆ ನಡೆಯಿತು. ನನ್ನ ಮೇಜಿನ ಮುಂದೆ ಮೊದಲೇ ಇದ್ದ ಹಕ್ಕು ಉಪಕಾರವಾಗಿ ಹಿಂದಕ್ಕೆ ನಡೆದಿತ್ತು.

ಇಷ್ಟೆಲ್ಲ ಯೋಚಿಸಿ ನಾನೊಂದು ಅತಿರೇಕಕ್ಕೂ ಹೋದೆ. ಯಾರು ಧನ್ಯವಾದ ಹೇಳಿದರೂ ‘ನನಗೆ ಹೇಳಬೇಡಿ, ಇದು ಕಾಯ್ದೆ’ ಅನ್ನತೊಡಗಿದೆ. ಡ್ರೆಸಿಂಗಿಗೆಂದು ಮತ್ತೆ ಬಂದ ಆ ಮುದುಕರು ಬಟ್ಟೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಾಗಲೂ ಇದನ್ನೇ ಅಂದೆ. ಅವರ ಮುಖ ಬಾಡಿತು. ಇದನ್ನೆಲ್ಲ ನೋಡುತ್ತಿದ್ದವರು ನನ್ನ ಜೊತೆ ಕೂರುವ ಹಿರಿಯ ಸ್ವಯಂಸೇವಕಿ. ನಿವೃತ್ತ ನರ್ಸು, ಮರಾಠಿಯವರು. ನಾವೆಲ್ಲ ತಾಯಿ ಅನ್ನುತ್ತೇವೆ, ಮರಾಠಿಯಲ್ಲಿ ಅಕ್ಕ ಎಂದರ್ಥ. ಮೇಜಿನ ಕೆಲಸ ಮುಗಿದ ಮೇಲೆ ಅವರು ವಾರ್ಡಿಗೆ ಹೋಗಿ, ನೋಡಲು ಯಾರೂ ಬಾರದ ರೋಗಿಗಳ ಉಗುರು ಕತ್ತರಿಸುತ್ತಾರೆ, ತಲೆ ಬಾಚುತ್ತಾರೆ. ‘ರೊಟ್ಟಿ ತಗೋ’ ಅಂದರು ನನಗೆ. ‘ನಿನ್ನ ಕಾಯ್ದೆಯಲ್ಲಿ ಮಂಚ ಇದೆ, ಔಷಧಿ ಇದೆ. ಉಗುರು ಕತ್ತರಿಸಬೇಕು ಅಂತ ಎಲ್ಲಿದೆ? ಅದಕ್ಕೆ ಅವರು ನನ್ನನ್ನು ಹರಸಿದರೆ ನಾನು ಹರಸಿಸಿಕೊಳ್ಳುತ್ತೇನೆ. ಆತನಿಗೂ ಏನಾದರೂ ಕೊಡಬೇಕು ಅನ್ನಿಸುವುದಿಲ್ಲವಾ?’

ರೊಟ್ಟಿ ತೆಗೆದುಕೊಂಡೆ. ತಾಯಿ ಹೇಳಿದ್ದು ಪೂರಾ ಒಪ್ಪಿಗೆಯಾಯಿತು ಅಂತಲ್ಲ. ಅವರ ಕೆಲಸವೇ ಬೇರೆ ಜಾತಿಯದು. ಯಾವ ಸರ್ಕಾರವೂ ಯಾರಿಗೂ ಬಾಕಿ ಇಟ್ಟುಕೊಳ್ಳಲಾರದ ಕೆಲಸ ಅದು. ಅದನ್ನು ಕಸಿದುಕೊಂಡು ಯಾರೂ ಬಡವಾಗುವುದಿಲ್ಲ, ಯಾರ ಹುದ್ದೆಯೂ ಹೋಗುವುದಿಲ್ಲ. ಆದರೆ ನಾನು ತಲೆ ಬಾಚುವವನಲ್ಲ. ನನಗೆ ಬರುವುದು ಫಾರಂ ತುಂಬುವುದು, ಕನ್ನಡ ಓದಿ ಬರೆಯುವುದು. ನನ್ನ ಜಾತಿಯ ಕೆಲಸ, ನಾನಿಲ್ಲದಿದ್ದರೂ ನಡೆಯುವಂತಾಗಬೇಕಾದ ಕೆಲಸ. ಅದನ್ನು ಮಾಡುತ್ತ ನನ್ನನ್ನು ನಾನೇ ಅನಗತ್ಯ ಮಾಡಿಕೊಳ್ಳದೆ ಹೋದರೆ, ನಾನು ಆ ಹೂಕುಂಡಕ್ಕಿಂತ ಹೇಗೆ ಬೇರೆ?

ಹೀಗಾಗಿ ಕಳೆದ ದೀಪಾವಳಿಯ ರಜೆಯಲ್ಲಿ ಒಂದು ಚೀಟಿ ತಯಾರಿಸಿದೆ. ಅರ್ಧ ಹಾಳೆ, ದಪ್ಪ ಅಕ್ಷರದ ಕನ್ನಡ. ನಿಮಗೆ ಈ ಹಕ್ಕು ಇದೆ. ಈ ಕಾಗದಗಳನ್ನು ತನ್ನಿ. ನೆಲಮಹಡಿಯ ಇಂಥ ಕೋಣೆಗೆ ಹೋಗಿ. ಇಲ್ಲ ಅಂದರೆ ಧರ್ಮಾದಾಯ ಆಯುಕ್ತರ ಕಚೇರಿಗೆ ದೂರು ಕೊಡಬಹುದು ಎಂದು ಹೇಳಿ. ಕೆಳಗೆ ಅದನ್ನೇ ಮರಾಠಿಯಲ್ಲಿ, ಕೌಂಟರಿನವರು ಓದಲಿ ಎಂದು. ಎಲ್ಲೂ ನನ್ನ ಹೆಸರಾಗಲೀ ನಂಬರಾಗಲೀ ಹಾಕಲಿಲ್ಲ. ಹಾಕಬೇಕು ಅಂತ ಕೈ ತುರಿಸಿತ್ತು, ಸುಳ್ಳೇಕೆ. ಇನ್ನೂರು ಪ್ರತಿ ಮಾಡಿಸಿ ಸೈಟಿನ ಶೆಡ್ಡುಗಳಲ್ಲಿ, ಕಿರಾಣಿ ಅಂಗಡಿಯಲ್ಲಿ ಹಂಚಿದೆ. ಓದಲು ಬಾರದವರು ಮಕ್ಕಳ ಕೈಲಿ ಓದಿಸಿಕೊಂಡರು. ಹೂಕುಂಡವನ್ನು ತಾಯಿಯೇ ಒಂದು ದಿನ ಪಕ್ಕಕ್ಕೆ ಎಳೆದರು.

ಫೆಬ್ರವರಿಯಲ್ಲಿ ಸೋಷಿಯಲ್ ವರ್ಕರ್ ಸಿಕ್ಕಾಗ ನಗುತ್ತ ಹೇಳಿದರು: ಹೆಂಗಸೊಬ್ಬಳು ಮೈದುನನನ್ನು ಕರೆತಂದು, ಆ ಚೀಟಿಯನ್ನು ಟೇಬಲ್ಲಿನ ಮೇಲಿಟ್ಟು, ಬೆರಳಿಂದ ಕುಟ್ಟಿ ತೋರಿಸಿ ಮಂಚ ಕೇಳಿದಳಂತೆ. ಮಾತಿಲ್ಲ, ಕೈಮುಗಿದದ್ದಿಲ್ಲ. ಮಂಚ ಸಿಕ್ಕಿತಂತೆ. ‘ನಿಮ್ಮ ಕಡೆಯವರೇ ಇರಬೇಕು, ಬಹಳ ಜೋರು’ ಅಂದರು. ಯಾವ ಶನಿವಾರ ಎಂದು ನೆನಪಿಸಿಕೊಳ್ಳಲು ನೋಡಿದೆ. ಮಂಗಳವಾರವಂತೆ. ನಾನು ಆಫೀಸಿನಲ್ಲಿದ್ದೆ. ಖುಷಿಯಾಯಿತು. ಅದರ ಜೊತೆಗೇ, ಯಾರಿಗೂ ಹೇಳಬಾರದಂಥ ಒಂದು ಸಣ್ಣ ಬೇಸರವೂ ಆಯಿತು, ನನ್ನನ್ನು ಯಾರೋ ಹೇಳದೆ ಬಿಟ್ಟು ಊಟಕ್ಕೆ ಕೂತಂತೆ.