ಸ್ಮರಣೆಯ ಋಣ

ದೇಹ ಧರಿಸಿ ಬಂದವನಿಗೆ ದೇಹತ್ಯಾಗವು ತಪ್ಪಿದ್ದಲ್ಲ. ಸಜ್ಜನನೊಬ್ಬನು ಲಿಂಗೈಕ್ಯನಾದನೆಂದರೆ ಊರಿಗೆ ಊರೇ ನೆರೆಯುತ್ತದೆ. ಕ್ರಿಯಾಸಮಾಧಿಯಾಗಿ ಶಿವಗಣಾರಾಧನೆಯ ದಿನ ಬಂದಾಗ ಗೆಳೆಯರೂ ಪರಿಚಿತರೂ ಪಡಸಾಲೆಯಲ್ಲಿ ಕುಳಿತು ಅವನ ಗುಣಗಳನ್ನು ಒಂದೊಂದಾಗಿ ಎತ್ತಿ ಆಡುತ್ತಾರೆ. ಒಬ್ಬನು ಅವನ ನಗೆಮಾತನ್ನು ನೆನೆದರೆ, ಇನ್ನೊಬ್ಬನು ಬರಗಾಲದಲ್ಲಿ ಅವನು ಲೆಕ್ಕವಿಡದೆ ಅಳೆದುಕೊಟ್ಟ ಜೋಳವನ್ನು ನೆನೆಯುತ್ತಾನೆ. ಇದು ಲೋಕರೂಢಿ, ಒಳ್ಳೆಯ ರೂಢಿಯೇ ಅಹುದು. ಆದರೆ ಈ ಸ್ಮರಣೆಯಿಂದ ಹೋದವನಿಗೆ ಸಂದುದೇನು, ಉಳಿದವನು ಸಲ್ಲಿಸಬೇಕಾದುದೇನು ಎಂಬುದು ಭಕ್ತನಾದವನು ವಿಚಾರಿಸತಕ್ಕ ಸಂಗತಿಯಾಗಿದೆ.

ಆನೆಗೊಂದಿಯ ಸೀಮೆಯು ಈ ವಿಚಾರಕ್ಕೆ ತಕ್ಕ ಕ್ಷೇತ್ರವಾಗಿದೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ನೂರಾರು ಕಲ್ಮನೆಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನರು ತಮ್ಮವರು ಅಳಿದಾಗ ಕಟ್ಟಿದ ನೆನಪುಗಳವು. ಕಲ್ಲು ಇಂದಿಗೂ ನಿಂತಿದೆ. ಅದು ಯಾರ ನೆನಪಿಗೆ ನಿಂತಿತೋ ಅವರ ಹೆಸರು ಅಳಿದುಹೋಗಿದೆ. ಸುತ್ತಲಿನ ಹಳ್ಳಿಗರು ಅದನ್ನು ‘ಮೋರೇರ ಬೆಟ್ಟ’ವೆಂದು ಕರೆದು ಸುಮ್ಮನಾಗುತ್ತಾರೆ.

ಇದೇ ಸೀಮೆಯಲ್ಲಿ, ಜಬ್ಬಲಗುಡ್ಡದ ಬಳಿಯ ಬೆಟ್ಟಗಳ ನಡುವೆ, ಕುಮ್ಮಟದುರ್ಗದ ಹಾಳುಕೋಟೆಯಿದೆ. ಕಂಪಿಲರಾಯನ ಮಗ ಕುಮಾರರಾಮನ ಕೋಟೆ ಅದು. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನಿಗೆ ಎದುರಾಗಿ ಓಡಿಬಂದ ಅವನ ಬಂಧು ಬಹಾವುದ್ದೀನನಿಗೆ ಕಂಪಿಲರಾಯನು ಆಶ್ರಯವಿತ್ತನು. ಆ ಕಾರಣದಿಂದ 1327ರ ಸುಮಾರಿಗೆ ರಾಜ್ಯವೇ ಅಳಿಯಿತು. ಮೊರೆಹೊಕ್ಕವನಿಗಾಗಿ ಕಂಪಿಲನು ಪ್ರಾಣವಿತ್ತ ಸಂಗತಿಯನ್ನು ಮೊರಾಕ್ಕೊ ದೇಶದ ಪ್ರವಾಸಿ ಇಬನ್ ಬತೂತನೂ ಬರೆದಿಟ್ಟಿದ್ದಾನೆ. ರಾಜ್ಯ ಹೋಯಿತು, ಕೋಟೆ ಬಿತ್ತು. ಆದರೆ ರಾಮನ ಹೆಸರು ಜನರ ನಾಲಗೆಯ ಮೇಲೆ ನಿಂತಿತು. ನಂಜುಂಡ ಮೊದಲಾದ ಕವಿಗಳು ಅವನನ್ನು ಕುರಿತು ಸಾಂಗತ್ಯಗಳನ್ನು ರಚಿಸಿದರು. ಹಳ್ಳಿಗರು ಹಾಡು ಕಟ್ಟಿದರು. ಅವನು ಗೆದ್ದ ಕಾಳಗಗಳನ್ನು ಹೆಸರಿಸಲಾರದವರು ಕೂಡ ಅವನನ್ನು ‘ಪರನಾರೀಸಹೋದರ’ನೆಂದು ಅರಿತಿದ್ದಾರೆ. ಜನಮನವು ಉಳಿಸಿಕೊಂಡದ್ದು ಅವನ ನಡತೆಯನ್ನು.

ಆದರೆ ಆ ಕಥೆಯಲ್ಲಿ ಇದಕ್ಕಿಂತ ಆಳವಾದ ಪಾಠವೊಂದು ಅಡಗಿದೆ. ಮಲತಾಯಿ ರತ್ನಾಜಿಯ ಬಯಕೆಗೆ ರಾಮನು ಒಲ್ಲೆನೆಂದನು. ಆಕೆ ಅವನ ಮೇಲೆಯೇ ಅಪವಾದ ಹೊರಿಸಿದಳು. ಹೆತ್ತ ತಂದೆಯು ಒಂದು ಮಾತನ್ನೂ ವಿಚಾರಿಸದೆ ಮಗನ ತಲೆಯನ್ನು ತರಿಸಲು ಅಪ್ಪಣೆ ಮಾಡಿದನು. ಮಂತ್ರಿಯಾದ ಬೈಚಪ್ಪನೊಬ್ಬನು ಮಾತ್ರ, ಇಷ್ಟು ದಿನ ಕಂಡ ನಡತೆಯನ್ನು ಒಂದು ದಿನ ಕೇಳಿದ ಚಾಡಿಗೆ ಮಾರಿಕೊಳ್ಳಲಿಲ್ಲ. ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಅವನು ಸತ್ತನೆಂದು ಅರಸನನ್ನು ನಂಬಿಸಿದನು. ಮುಂದೆ ದಿಲ್ಲಿಯ ದಂಡು ಕೋಟೆಯನ್ನು ಮುತ್ತಿದಾಗ ಕಂಪಿಲನಿಗೆ ಮಗನ ಗುಣಗಳೆಲ್ಲ ನೆನಪಾದವು. ಇಲ್ಲದ ಮಗನಿಗಾಗಿ ಹಲುಬಿದನು. ಆಗ ಬೈಚಪ್ಪನು ರಾಮನನ್ನು ಕರೆತಂದು ತಂದೆಯ ಮುಂದೆ ನಿಲ್ಲಿಸಿದನು.

ಈ ಭಾಗ್ಯವು ಕಥೆಯಲ್ಲಿ ಕಂಪಿಲನಿಗೆ ಒದಗಿತು, ಮನೆಮನೆಯಲ್ಲಿ ಒದಗುವಂಥದಲ್ಲ. ಆರಾಧನೆಯ ಪಂಕ್ತಿಯಲ್ಲಿ ಕುಳಿತು ಕಣ್ಣೀರಿಡುವವರಲ್ಲಿ, ಅವನು ಬದುಕಿದ್ದಾಗ ಅವನ ಮೇಲಿನ ಹುಸಿಮಾತನ್ನು ಕೇಳಿ ಸುಮ್ಮನಿದ್ದವರೆಷ್ಟು ಮಂದಿ? ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರೆಷ್ಟು ಮಂದಿ? ಅವರ ಪಾಲಿಗೆ ನೆಲದೊಳಗಿಂದ ಯಾರೂ ಎದ್ದುಬರುವುದಿಲ್ಲ. ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ಗಾದೆಯುಂಟು. ಮರಣದ ವರೆಗೆ ನೋಡದೆ ಇರು ಎಂಬುದು ಆ ಗಾದೆಯ ತಾತ್ಪರ್ಯವಲ್ಲ.

ಕಲ್ಯಾಣದ ಶರಣರು ಈ ತತ್ತ್ವವನ್ನು ಬಾಳಿ ತೋರಿದರು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ಜಂಗಮದಾಸೋಹಕ್ಕೆ ಸೂರೆಮಾಡಿದರೆಂದು ಕೊಂಡೆಯರು ದೂರಿದರು. ಎಣಿಸಿ ನೋಡಿದಾಗ ಹೊನ್ನು ಸರಿಯಾಗಿಯೇ ಇತ್ತೆಂದು ಶರಣಚರಿತೆಗಳು ಹೇಳುತ್ತವೆ. ಆ ದೂರಿನಿಂದ ಶರಣರ ನಂಬುಗೆ ಕದಲಲಿಲ್ಲ. ಬಸವಣ್ಣನವರು ಸಂಗಮದಲ್ಲಿ ಐಕ್ಯರಾದ ಮೇಲೆ ನೀಲಾಂಬಿಕೆಯವರೂ ಮಡಿವಾಳ ಮಾಚಿದೇವರೂ ವಚನಗಳಲ್ಲಿ ಅವರನ್ನು ಮತ್ತೆ ಮತ್ತೆ ನೆನೆದರು. ಆದರೆ ಶರಣರ ಸ್ಮರಣೆ ಅಳಲಿನಲ್ಲಿಯೇ ಮುಗಿಯಲಿಲ್ಲ. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಅವರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ನಡೆದರೆಂಬುದು ಸಂಪ್ರದಾಯ. ಅಗಲಿದವರ ನೆನಪು ಅವರಿಗೆ ಹೆಗಲ ಮೇಲಿನ ಹೊರೆಯಾಯಿತು, ಮಾಡತಕ್ಕ ಕೆಲಸವಾಯಿತು.

ಆ ಹೊರೆ ಕೈಯಿಂದ ಕೈಗೆ ಸಾಗಿ, 15ನೆಯ ಶತಮಾನದಲ್ಲಿ ತುಂಗಭದ್ರೆಯ ದಡಕ್ಕೆ, ಆನೆಗೊಂದಿಗೆ ಎದುರಾದ ವಿಜಯನಗರಕ್ಕೆ ಬಂದಿತು. ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ, ಚಾಮರಸ ಮೊದಲಾದವರು ಶರಣಧರ್ಮವನ್ನು ಎತ್ತಿಹಿಡಿದರು. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಚದುರಿದ ವಚನಗಳನ್ನು ಸಂವಾದರೂಪದಲ್ಲಿ ಹೊಂದಿಸಿ ‘ಶೂನ್ಯಸಂಪಾದನೆ’ಯನ್ನು ರಚಿಸಿದರು. ಸುಮಾರು 250 ವರ್ಷಗಳ ಹಿಂದೆ ಅಗಲಿದ ಶರಣರು ಅಲ್ಲಿ ಎದುರೆದುರು ಕುಳಿತು ಮಾತನಾಡುತ್ತಾರೆ.

ಆ ಗ್ರಂಥದಲ್ಲಿ ಬರಿಯ ಹೊಗಳಿಕೆಯಿಲ್ಲವೆಂಬುದು ಗಮನಾರ್ಹ. ಕೆರೆ ಗುಡಿಗಳನ್ನು ಕಟ್ಟಿಸುತ್ತಿದ್ದ ಸೊನ್ನಲಿಗೆಯ ಸಿದ್ಧರಾಮನನ್ನು ಅಲ್ಲಮಪ್ರಭುಗಳು ಮುಖಾಮುಖಿಯಾಗಿಯೇ ಎಚ್ಚರಿಸಿದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದ ಮಾರಯ್ಯನನ್ನು ಸತಿ ಲಕ್ಕಮ್ಮನು ಮನೆಯಲ್ಲಿಯೇ ತಿದ್ದಿದಳು. ಮೆಚ್ಚುಗೆಯನ್ನೂ ತಪ್ಪನ್ನೂ ಅವರು ಕೇಳುವ ಕಿವಿಗಳಿರುವಾಗಲೇ ನುಡಿದರು. ಆದುದರಿಂದ ಅವರ ಸ್ಮರಣೆಯಲ್ಲಿ ಪಶ್ಚಾತ್ತಾಪದ ಕಹಿಯಿಲ್ಲ.

ಗೃಹಸ್ಥನಾದ ಭಕ್ತನಿಗೆ ಇದರಿಂದ ಎರಡು ಕರ್ತವ್ಯಗಳು ಸಿದ್ಧವಾಗುತ್ತವೆ. ಒಳ್ಳೆಯವನು ಕಣ್ಣೆದುರಿಗಿರುವಾಗ ಅವನ ಒಳ್ಳೆಯತನವನ್ನು ಅವನೆದುರಿಗೆ ಒಪ್ಪಬೇಕು. ಅವನ ಬೆನ್ನ ಹಿಂದೆ ಚಾಡಿ ಬಂದರೆ ಬೈಚಪ್ಪನಂತೆ, ಕಂಡುದನ್ನು ಹಿಡಿದು ನಿಲ್ಲಬೇಕು. ಇದು ಮೊದಲನೆಯದು. ಅವನು ಲಿಂಗೈಕ್ಯನಾದ ಮೇಲೆ ಅವನು ಕೈಗೊಂಡು ಮುಗಿಸದೆ ಹೋದ ಸತ್ಕಾರ್ಯವೊಂದನ್ನು ಹುಡುಕಿ ಎತ್ತಿಕೊಳ್ಳಬೇಕು. ಅವನು ಅನ್ನವಿಕ್ಕಿ ಓದಿಸುತ್ತಿದ್ದ ಬಡಹುಡುಗನಿರಬಹುದು, ಅವನು ತೀರಿಸಬೇಕೆಂದಿದ್ದ ಸಾಲವಿರಬಹುದು, ಅವನು ಪ್ರತಿವರುಷ ಹೂಳೆತ್ತಿಸುತ್ತಿದ್ದ ಊರ ಬಾವಿಯಿರಬಹುದು. ಇದು ಎರಡನೆಯದು.

ಗದ್ದುಗೆಯ ಮೇಲಿನ ಹೂವು ಸಂಜೆಗೆ ಬಾಡುತ್ತದೆ, ಆರಾಧನೆಯ ಮಾತು ಎಲೆಯೆತ್ತುವ ಹೊತ್ತಿಗೆ ಮುಗಿಯುತ್ತದೆ. ಆ ಬಾವಿಯಲ್ಲಿ ಮರುವರುಷವೂ ತಿಳಿನೀರು ದೊರೆತರೆ, ಕೊಡ ತುಂಬಿಕೊಳ್ಳುವವರು ಅವನ ಹೆಸರನ್ನು ತಾವಾಗಿಯೇ ಹೇಳುತ್ತಾರೆ. ಹೀಗೆ ತೀರಿಸಿದ ಋಣವೇ ಶರಣರು ಮೆಚ್ಚುವ ಸ್ಮರಣೆ.